ಸುಣ್ಣವಿಲ್ಲದ ಸೀಮೆಸುಣ್ಣ

ಪೂಲ್ ಟೇಬಲ್ಲಿನ ಅಂಚಿನಲ್ಲಿ ಕೂತಿರೋ ಆ ಪುಟ್ಟ ನೀಲಿ ತುಂಡಿಗೆ ಎಲ್ಲರೂ ಚಾಕ್ ಅಂತಾರೆ. ಅದರಲ್ಲಿ ಚಾಕ್ ಇಲ್ಲ. ಸೀಮೆಸುಣ್ಣದ ಸುಣ್ಣ ಅದನ್ನು ಬಿಟ್ಟುಹೋಗಿ ನೂರಿಪ್ಪತ್ತು ವರ್ಷದ ಮೇಲಾಯ್ತು. ಸೇವ್ ಬಟನ್ ಮೇಲೆ ಫ್ಲಾಪಿಯ ಚಿತ್ರ ಉಳಿದ ಹಾಗೆ ಹೆಸರು ಮಾತ್ರ ಉಳಿದಿದೆ.

ಅದರ ಕೆಲಸ ಇಷ್ಟು. ಕೋಲಿನ ತುದಿ ಬಿಳಿ ಚೆಂಡನ್ನು ಮುಟ್ಟಿರೋದು ಹೆಚ್ಚುಕಡಿಮೆ ಸೆಕೆಂಡಿನ ಸಾವಿರದ ಒಂದು ಭಾಗ. ಚೆಂಡಿನ ನಟ್ಟನಡುವೆ ಹೊಡೆದರೆ ತುದಿ ನುಣುಪಾಗಿದ್ದರೂ ನಡೆಯುತ್ತೆ. ಪಕ್ಕಕ್ಕೋ ಕೆಳಕ್ಕೋ ಹೊಡೆದು ಚೆಂಡನ್ನು ಗಿರಕಿ ಹೊಡೆಸಬೇಕು ಅಂದರೆ ಆ ಕ್ಷಣ ತುದಿ ಜಾರಬಾರದು. ನಮ್ಮೂರಲ್ಲಿ ಗುದ್ದಲಿ ಹಿಡಿಯೋ ಮುಂಚೆ ಅಂಗೈಗೆ ಮಣ್ಣು ತಿಕ್ಕಿಕೊಳ್ಳುತ್ತಾರಲ್ಲ, ಅದೇ ಲೆಕ್ಕ. ಚೆನ್ನಾಗಿ ಚಾಕ್ ಹಚ್ಚಿದ ತುದಿಗೆ ಚೆಂಡಿನ ಮಧ್ಯದಿಂದ ಅಂಚಿನ ಕಡೆಗೆ ಸುಮಾರು ಅರ್ಧ ದೂರದವರೆಗೆ ಹಿಡಿತ ಸಿಗುತ್ತೆ. ಅದರಾಚೆ ಮಿಸ್‌ಕ್ಯೂ.

ಚರ್ಮದ ತುದಿ ಬರೋ ಮುಂಚೆ ಕೋಲು ಬರೀ ಮರ. ಆಟಗಾರರು ಅದನ್ನು ಗೋಡೆಗೋ ಚಾವಣಿಯ ಗಾರೆಗೋ ಒತ್ತಿ ತಿರುಗಿಸಿ ಬಿಳಿ ಪುಡಿ ಹತ್ತಿಸಿಕೊಳ್ಳುತ್ತಿದ್ದರು. ಆ ಮನೆಗಳ ಮಾಲೀಕರು ಏನೇನು ಬೈದಿರಬಹುದೋ! ಚರ್ಮದ ತುದಿಯನ್ನು ರೂಢಿಗೆ ತಂದವನು ಫ್ರೆಂಚ್ ಸೇನೆಯ ಕ್ಯಾಪ್ಟನ್ ಫ್ರಾಂಸ್ವಾ ಮಿಂಗೋ, 1807ರ ಸುಮಾರಿಗೆ. ಅವನು ಬಾಸ್ಟಿಲ್ ಸೆರೆಮನೆಯಲ್ಲಿ ಕೈದಿಯಾಗಿದ್ದಾಗ ಇದನ್ನು ಕಂಡುಹಿಡಿದ, ಪ್ರಯೋಗ ಮುಗಿದಿಲ್ಲ ಅಂತ ಇನ್ನಷ್ಟು ದಿನ ಜೈಲಲ್ಲೇ ಇರಲು ಕೇಳಿಕೊಂಡ ಅನ್ನೋ ಕಥೆ ಬಿಲಿಯರ್ಡ್ಸ್ ಪ್ರಿಯರ ಬಾಯಲ್ಲಿ ಸದಾ ಇದೆ. ತೇದಿ ಹಾಕಿ ನೋಡಿ. ಮಿಂಗೋ ಹುಟ್ಟಿದ್ದು 1771ರಲ್ಲಿ. ಜನ ಬಾಸ್ಟಿಲ್‌ಗೆ ನುಗ್ಗಿದ್ದು 1789ರ ಜುಲೈ 14ರಂದು, ಆಮೇಲೆ ಅದನ್ನು ಕೆಡವಿಯೇ ಹಾಕಿದರು. ಆಗ ಈ ಕ್ಯಾಪ್ಟನ್‌ಗೆ ಹದಿನೆಂಟು ವರ್ಷ. ಸೆರೆಮನೆ ಯಾವುದಾದರೂ ಇದ್ದೀತು, ಬಾಸ್ಟಿಲ್ ಅಂತೂ ಅಲ್ಲ. ಆದರೆ ಇಂಥ ಕಥೆಗೆ ಅಷ್ಟು ದೊಡ್ಡ ಜೈಲೇ ಬೇಕು ನೋಡಿ.

ನನಗೆ ಇವನಿಗಿಂತ ಇಂಗ್ಲೆಂಡಿನ ಜಾಕ್ ಕಾರ್ ಇಷ್ಟ. ಬಾತ್ ಊರಿನಲ್ಲಿ ಬಾರ್ಟ್ಲಿ ಅನ್ನುವವನ ಬಿಲಿಯರ್ಡ್ಸ್ ಕೋಣೆಯಲ್ಲಿ ಅಂಕ ಬರೆಯೋ ಕೆಲಸ ಇವನದು. ಚೆಂಡಿನ ಪಕ್ಕಕ್ಕೆ ಹೊಡೆದರೆ ಅದು ಕುಶನ್ನಿಗೆ ತಗುಲಿ ಬೇರೆ ಕಡೆಗೆ ತಿರುಗುತ್ತೆ ಅನ್ನೋ ಗುಟ್ಟನ್ನು ಬಾರ್ಟ್ಲಿ ಇವನಿಗೆ ತೋರಿಸಿಕೊಟ್ಟನಂತೆ. ಕಾರ್ ಅದನ್ನು ಆಡಿ ತೋರಿಸಿದ, ನೋಡಿದವರು ಬೆರಗಾದರು. ಹೇಗಪ್ಪಾ ಇದು ಅಂದರೆ, ‘ನನ್ನ ಹತ್ತಿರ ಚೆಂಡು ತಿರುಗಿಸೋ ಪುಡಿ ಇದೆ’ ಅಂದ! ಒಂದು ಪುಟ್ಟ ಡಬ್ಬಿಗೆ ಅರ್ಧ ಕ್ರೌನ್, ಅಂದರೆ ಎರಡೂವರೆ ಶಿಲಿಂಗ್. ಒಳಗಿದ್ದದ್ದು ಮಾಮೂಲಿ ಚಾಕ್ ಪುಡಿ.

ಇದನ್ನು ಶುದ್ಧ ಮೋಸ ಅಂತ ಬರೆದುಬಿಡೋದು ಸುಲಭ. ನನಗೆ ಹಾಗನ್ನಿಸಲ್ಲ. ಚೆಂಡು ತಿರುಗಿಸೋ ಶಕ್ತಿ ಪುಡಿಯಲ್ಲಿ ಇರಲಿಲ್ಲ, ಎಲ್ಲಿ ಹೊಡೀಬೇಕು ಅನ್ನೋ ತಿಳಿವಳಿಕೆಯಲ್ಲಿತ್ತು, ಸರಿ. ಆದರೆ ಒಣ ತುದಿಯಿಂದ ಅಲ್ಲಿ ಹೊಡೆದಿದ್ದರೆ ಕಾರ್ ಕೂಡ ಜಾರುತ್ತಿದ್ದ. ಕಾಸು ಕೊಟ್ಟವರು ಆ ಪುಡಿಯನ್ನು ನಂಬಿ ಹಚ್ಚಿದ್ದರೆ, ಅವರ ಕೈಗೆ ಗುಟ್ಟು ಸಿಗದಿದ್ದರೂ ಅಭ್ಯಾಸವಾದರೂ ಸಿಕ್ಕಿರುತ್ತೆ. ಅದೂ ಮುಖ್ಯವೇ.

ಮುಂದಿನ ತಿರುವು ಅಮೆರಿಕದಲ್ಲಿ. 1890ರ ದಶಕದಲ್ಲಿ ವಿಲಿಯಂ ಸ್ಪಿಂಕ್ಸ್ ಅನ್ನೋ ವೃತ್ತಿಪರ ಬಿಲಿಯರ್ಡ್ಸ್ ಆಟಗಾರನಿಗೆ ಫ್ರಾನ್ಸಿನಿಂದ ಬಂದ ಒಂದು ತುಂಡು ಚಾಕ್ ತುಂಬಾ ಹಿಡಿಸಿತು. ಸುಮ್ಮನೆ ಬಿಡದೆ ಶಿಕಾಗೋದ ರಸಾಯನಶಾಸ್ತ್ರಜ್ಞ ವಿಲಿಯಂ ಹಾಸ್ಕಿನ್ಸ್‌ಗೆ ತೋರಿಸಿದ. ಪರೀಕ್ಷಿಸಿದರೆ ಅದು ಸುಣ್ಣವೇ ಅಲ್ಲ, ಸಿಸಿಲಿಯ ಎಟ್ನಾ ಜ್ವಾಲಾಮುಖಿಯ ಬೂದಿ. ಹಿಂದೆ ಬೂದಿ ಹಾಕಿ ಪಾತ್ರೆ ತಿಕ್ಕುತ್ತಿದ್ದವರಿಗೆ ಇದರ ಮರ್ಮ ವಿವರಿಸಬೇಕಿಲ್ಲ, ಕಣ್ಣಿಗೆ ಹಿಟ್ಟಿನ ಹಾಗಿದ್ದರೂ ಒಳಗೆ ಗರಗಸ. ಇಬ್ಬರೂ ಸೇರಿ ಸಿಲಿಕಾ, ಸಾಣೆಗೆ ಬಳಸೋ ಥರದ ಗಟ್ಟಿ ಪುಡಿ, ಅಂಟು ಎಲ್ಲ ಬೆರೆಸಿ ಹೊಸ ಚಾಕ್ ಮಾಡಿದರು. ಪೇಟೆಂಟ್ ಸಿಕ್ಕಿದ್ದು 1897ರ ಮಾರ್ಚ್ 9ರಂದು. ಇವತ್ತಿನ ಚಾಕ್ ಅದರದೇ ವಂಶ. ಅಂದಹಾಗೆ, ಇದೇ ಹಾಸ್ಕಿನ್ಸ್‌ನ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಮಾರ್ಷ್ ನಿಕ್ರೋಮ್ ತಂತಿ ಮಾಡಿದ, 1906ರಲ್ಲಿ ಅದಕ್ಕೂ ಪೇಟೆಂಟ್ ಬಂತು. ಟೋಸ್ಟರ್ ಒಳಗೆ ಕೆಂಪಗೆ ಕಾಯೋದು ಅದೇ ಜಾತಿಯ ತಂತಿ.

ಇಷ್ಟು ಜನ ತಲೆ ಕೆಡಿಸಿಕೊಂಡು ಮಾಡಿದ ವಸ್ತುವನ್ನು ನಾವು ಬಳಸೋ ರೀತಿ ನೋಡಬೇಕು. ಐಟಿ ಕಂಪನಿಗಳ ಗೇಮ್ ರೂಮಿನಲ್ಲಿ ಯಾವುದೇ ಚಾಕ್ ಎತ್ತಿಕೊಳ್ಳಿ, ನಡುವೆ ಬಾವಿಯಂಥ ಗುಂಡಿ. ಮೂರು ಹೊಡೆತಕ್ಕೊಮ್ಮೆ ನೆನಪಾದಾಗ ಕೋಲನ್ನು ಅದರೊಳಗೆ ಇಟ್ಟು ಗರಗರ ತಿರುಗಿಸೋದರ ಫಲ. ಗುಂಡಿ ಆಳವಾದಷ್ಟೂ ಅದರ ಗೋಡೆ ಕೋಲಿನ ಬಿಳಿ ಪಟ್ಟಿಗೆ ನೀಲಿ ಬಳಿಯುತ್ತೆ. ಗಿರಕಿ ಹೊಡೆಸಲು ಬೇಕಾದ ತುದಿಯ ಅಂಚಿಗೆ ಮಾತ್ರ ಪುಡಿ ಸರಿಯಾಗಿ ಕೂರಲ್ಲ. ಹಳಬರು ಪ್ರತಿ ಹೊಡೆತಕ್ಕೂ ಮುಂಚೆ ತುದಿಯನ್ನು ನೋಡುತ್ತಾ, ಕುಂಚದಿಂದ ಬಣ್ಣ ಬಳಿದ ಹಾಗೆ ತೆಳ್ಳಗೆ ಸವರುತ್ತಾರೆ.

ಹಾಗಂತ ಮೆತ್ತಿದಷ್ಟೂ ಒಳ್ಳೇದು ಅಂತಲೂ ಅಲ್ಲ. ಉದುರಿದ ಪುಡಿ ಬಟ್ಟೆಯ ಮೇಲೆ ಬೀಳುತ್ತೆ, ಚೆಂಡಿಗೆ ಅಂಟುತ್ತೆ. ಎರಡು ಚೆಂಡು ಡಿಕ್ಕಿಯಾಗೋ ಜಾಗಕ್ಕೇ ಒಂದು ಕಣ ಸಿಕ್ಕಿಕೊಂಡರೆ ಅವು ಅರೆಗಳಿಗೆ ಅಂಟಿಕೊಂಡು ದಾರಿ ತಪ್ಪುತ್ತವೆ. ಸ್ನೂಕರಿನವರು ಇದಕ್ಕೆ ‘ಕಿಕ್’ ಅಂತಾರೆ. ಟಿವಿಯಲ್ಲಿ ಆಟಗಾರ ರೆಫರಿಯನ್ನು ಕರೆದು ಬಿಳಿ ಚೆಂಡನ್ನು ಒರೆಸಿಸಿಕೊಳ್ಳೋದನ್ನು ನೋಡಿರುತ್ತೀರಿ. ಒರೆಸೋದು ಈ ಪುಡಿಯನ್ನೇ.