ಅಟಾರ್ನಿ ಯಾರು, ವಕೀಲರು ಯಾರು?

ಅಮೆರಿಕದ ಕೋರ್ಟ್ ಸೀರಿಯಲ್‌ಗಳನ್ನು ನೋಡಿ ನೋಡಿ, ವಕೀಲರೆಂದರೆ 'ಅಟಾರ್ನಿ ಅಟ್ ಲಾ' ಅಂತ ಇಂಗ್ಲಿಷಿನಲ್ಲಿ ಬರೆಯುವುದು ನಮಗೂ ರೂಢಿಯಾಗುತ್ತಿದೆ. ಕೇಳಲು ಗತ್ತಾಗಿಯೇ ಇದೆ. ಆದರೆ ಬನ್ನಂಜೆಯ ವಕೀಲರೊಬ್ಬರ ಹೆಸರಿನ ಮುಂದೆ ಹಾಗೆ ಬರೆದರೆ ಅದು ತಪ್ಪು. ಯಾಕೆ ಅಂತೀರಾ? ಸ್ವಲ್ಪ ಇತಿಹಾಸ ಕೆದಕೋಣ.

'ಅಟಾರ್ನಿ' ಹಳೆಯ ಫ್ರೆಂಚಿನಿಂದ ಬಂದ ಪದ. ಇನ್ನೊಬ್ಬರ ಪರವಾಗಿ ನೇಮಕಗೊಂಡವನು ಎಂದಷ್ಟೇ ಅದರ ಅರ್ಥ. ದುಬೈಯಲ್ಲಿರುವ ಅಳಿಯ ಊರಿನ ಜಾಗ ಮಾರಲು ಬನ್ನಂಜೆಯ ಸೋದರಮಾವನಿಗೆ 'ಪವರ್' ಬರೆದುಕೊಟ್ಟನೆನ್ನಿ. ಆಗ ಅಡಿಕೆ ಜಗಿಯುತ್ತಾ ಜಗಲಿಯಲ್ಲಿ ಕೂತ ಆ ಮಾವನೇ ಅಟಾರ್ನಿ! ಅದಕ್ಕೆ ಕಾನೂನು ಓದಿರಬೇಕಾಗಿಲ್ಲ. ಇಂಥ ಅಧಿಕಾರಪತ್ರಗಳಿಗೆಂದೇ 1882ರ ಕಾಯ್ದೆ ಇದೆ. ಮಾವನಂಥವರು ಬೇರೆ, ಕೋರ್ಟಿನ ವ್ಯವಹಾರ ನೋಡುವವರು ಬೇರೆ ಎಂದು ತೋರಿಸಲು ಅಂಟಿಸಿದ ಬಾಲವೇ 'ಅಟ್ ಲಾ'.

1862ರಲ್ಲಿ ಮದ್ರಾಸ್ ಹೈಕೋರ್ಟ್ ಶುರುವಾದಾಗ ಅಲ್ಲಿ ಅಡ್ವೊಕೇಟ್, ವಕೀಲ, ಅಟಾರ್ನಿ ಎಂದು ಮೂರು ಪಂಗಡಗಳಿದ್ದವು. ಅಟಾರ್ನಿಗಳ ನೆಲೆ ಮುಖ್ಯವಾಗಿ ಮದ್ರಾಸ್ ನಗರ. ಅಲ್ಲಿನ ದಾವೆಗಳು ನೇರವಾಗಿ ಹೈಕೋರ್ಟಿಗೇ ಬರುತ್ತಿದ್ದವು. ಅವುಗಳ ಕಾಗದಪತ್ರ ಸಿದ್ಧಪಡಿಸುವುದು ಅಟಾರ್ನಿಗಳ ಕೆಲಸ. ನಮ್ಮ ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿಗೇ ಸೇರಿತ್ತು, ನಿಜ. ಆದರೂ ಉಡುಪಿಯ ಮುನ್ಸೀಫ್ ಕೋರ್ಟಿನಲ್ಲಿ ನಮ್ಮ ಅಜ್ಜಂದಿರ ಕಾಲದವರು ಕಂಡದ್ದು ವಕೀಲರನ್ನು, ಪ್ಲೀಡರುಗಳನ್ನು.

ಇಂಗ್ಲೆಂಡಿನಲ್ಲೇ 1875ರಲ್ಲಿ ಈ ಅಟಾರ್ನಿಗಳು 'ಸಾಲಿಸಿಟರ್' ಆಗಿಬಿಟ್ಟರು. ಅಮೆರಿಕ ಮಾತ್ರ ಹಳೆಯ ಹೆಸರನ್ನು ಬಿಡಲಿಲ್ಲ. ನಮ್ಮಲ್ಲಿ 1961ರ ಅಡ್ವೊಕೇಟ್ಸ್ ಕಾಯ್ದೆ ಎಲ್ಲರನ್ನೂ ಒಂದೇ ಹೆಸರಿನಡಿ ತರಲು ಹೊರಟಿತು. ಉಳಿದಿದ್ದ ಅಟಾರ್ನಿ ಪಂಗಡವೂ 1976ರ ತಿದ್ದುಪಡಿಯಿಂದ ಹೋಯಿತು. ಈಗ ಹುದ್ದೆಯ ಹೆಸರಾಗಿ ಉಳಿದಿರುವುದು ಅಟಾರ್ನಿ ಜನರಲ್ ಒಂದೇ. ಅಂದಹಾಗೆ, 2017ರಿಂದ 2022ರವರೆಗೆ ಆ ಹುದ್ದೆಯಲ್ಲಿದ್ದ ಕೆ.ಕೆ. ವೇಣುಗೋಪಾಲ್ ಹುಟ್ಟಿದ್ದು ಅಂದಿನ ದಕ್ಷಿಣ ಕನ್ನಡದ ಕಾಞಂಗಾಡಿನಲ್ಲಿ!

ಹಾಗಾಗಿ ನಮ್ಮ ವಕೀಲರನ್ನು ಇಂಗ್ಲಿಷಿನಲ್ಲಿ 'ಅಡ್ವೊಕೇಟ್' ಅಂತಲೇ ಬರೆಯಿರಿ. ಅಮೆರಿಕದವರ ಬಗ್ಗೆ ಬರೆಯುವಾಗ ಬಹುವಚನ 'ಅಟಾರ್ನೀಸ್ ಅಟ್ ಲಾ', ಬಹುವಚನ ಮನುಷ್ಯನಿಗೆ, 'ಲಾ'ಗೆ ಅಲ್ಲ :)

ಇದು ಬರೀ ವ್ಯಾಕರಣದ ಜಗಳವಲ್ಲ. ವಕಾಲತ್ತಿಗೆ ಸಹಿ ಹಾಕಿದರೆ ಕೋರ್ಟಿನಲ್ಲಿ ನಿಮ್ಮ ಪರ ವಾದಿಸಲು ಒಬ್ಬರು ಸಿಗುತ್ತಾರೆ. ಪವರ್ ಆಫ್ ಅಟಾರ್ನಿಗೆ ಸಹಿ ಹಾಕಿದರೆ, ಅದರಲ್ಲಿ ಬರೆದಿದ್ದಷ್ಟೂ ಅಧಿಕಾರ ಇನ್ನೊಬ್ಬರ ಕೈಗೆ ಹೋಗುತ್ತದೆ, ಜಾಗ ಮಾರುವುದೂ ಸೇರಿ. ಪರದೇಶದಲ್ಲಿ ಕೂತು ಊರಿನ ಕಾಗದಗಳಿಗೆ ಸಹಿ ಹಾಕುವ ಗೆಳೆಯರೇ, ಮೇಲಿನ ಸಾಲಿನಲ್ಲಿ ಯಾವ ಪದ ಇದೆ ಅಂತ ಒಮ್ಮೆ ನೋಡಿಕೊಳ್ಳಿ...