ಮ್ಯಾಗಜೀನ್ ಫೀ ಉಳೀತು, ಲೆಕ್ಕ ಕೇಳೋರು ಹೋದರು

ಘಣಸೋಲಿ, ಐರೋಲಿ, ಕೋಪರ್‌ಖೈರಣೆ ಕಡೆ ಐಟಿ ಕೆಲಸಕ್ಕೆ ಅಂತ ಬಂದು ನೆಲೆಸಿದ ನಮ್ಮ ಕನ್ನಡದ ಮನೆಗಳಲ್ಲಿ ಎಷ್ಟೋ ಮಕ್ಕಳು ಈಗ ಕಾಲೇಜಿನ ವಯಸ್ಸಿಗೆ ಬಂದಿದ್ದಾರೆ. ಹಾಗಾಗಿ ಇವತ್ತಿನ ಇತಿಹಾಸದ ಮಾತನ್ನ ಒಂದು ಅಡ್ಮಿಶನ್ ರಸೀದಿಯಿಂದ ಶುರು ಮಾಡೋಣ.

ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳ ರಸೀದಿಯಲ್ಲಿ ಟ್ಯೂಶನ್ ಫೀ ಕೆಳಗೆ ಸಣ್ಣಪುಟ್ಟ ಬಾಬತ್ತುಗಳಿರ್ತವೆ. ಜಿಮ್‌ಖಾನಾ, ಮ್ಯಾಗಜೀನ್, ಸ್ಟೂಡೆಂಟ್ ವೆಲ್ಫೇರ್, ಹೀಗೆ. ನಾವು ಕೆಳಗಿನ ಒಟ್ಟು ಮೊತ್ತ ನೋಡ್ತೀವಿ, ಕಟ್ತೀವಿ, ಬರ್ತೀವಿ. ಒಂದು ಕಾಲೇಜಲ್ಲಿ ಮ್ಯಾಗಜೀನ್ ಫೀ ತಲೆಗೆ 100 ರೂಪಾಯಿ, ವಿದ್ಯಾರ್ಥಿಗಳು 3,000 ಅಂತ ಸುಮ್ಮನೆ ಲೆಕ್ಕಕ್ಕೆ ಇಟ್ಕೊಳ್ಳಿ. ವರ್ಷಕ್ಕೆ 3 ಲಕ್ಷ ಆಯ್ತು. ಇದನ್ನ ಯಾವುದಕ್ಕೆ ಖರ್ಚು ಮಾಡಬೇಕು ಅಂತ ಹೇಳೋರು ಯಾರು? ಆ ದುಡ್ಡು ಕೊಟ್ಟ ಮಕ್ಕಳಿಗೆ ಅದರಲ್ಲಿ ಮಾತಿದೆಯಾ?

ಕನ್ನಡದಲ್ಲಿ ಕ್ಯಾಂಪಸ್ ಮಾಧ್ಯಮದ ಕಥೆ ನೂರು ವರ್ಷ ದಾಟಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ 1919ರಲ್ಲಿ 'ಪ್ರಬುದ್ಧ ಕರ್ನಾಟಕ' ಪತ್ರಿಕೆ ಹೊರತಂದಿತು. ಅದರ ಹಿಂದೆ ನಿಂತವರು ಅಲ್ಲೇ ಮೇಷ್ಟರಾಗಿದ್ದ ಎ.ಆರ್. ಕೃಷ್ಣಶಾಸ್ತ್ರಿಗಳು. ಮುಂದೆ ಅದನ್ನ ಮೈಸೂರು ವಿಶ್ವವಿದ್ಯಾಲಯ ವಹಿಸಿಕೊಂಡಿತು. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಸಣ್ಣ ರೇಡಿಯೋ ಕೇಂದ್ರ ಇಟ್ಟರು. ಅದರ ಹೆಸರೇ 'ಆಕಾಶವಾಣಿ'. ಕೊನೆಗೆ ಅದೂ ಮೈಸೂರು ಸರ್ಕಾರದ ಕೈಗೆ ಹೋಯಿತು. ಅಂದ್ರೆ ಶುರು ಮಾಡೋಕೆ ಒಂದಿಬ್ಬರ ಹುಚ್ಚು ಸಾಕು. ವರ್ಷಾನುಗಟ್ಟಲೆ ನಡೆಸೋಕೆ ಖಾಯಂ ದುಡ್ಡು ಬೇಕು. ಖಾಯಂ ದುಡ್ಡು ಎಲ್ಲಿಂದ ಬರುತ್ತೋ ಯಜಮಾನಿಕೆಯೂ ಅಲ್ಲಿಗೇ ಹೋಗುತ್ತೆ.

ಆದರೆ ಮ್ಯಾಗಜೀನ್ ಫೀ ವಿಷಯ ಬೇರೆ. ಅದು ಖಾಯಂ ದುಡ್ಡು, ಮತ್ತೆ ಅದು ವಿದ್ಯಾರ್ಥಿಗಳದೇ ದುಡ್ಡು. ಆ ಲೆಕ್ಕದಲ್ಲಿ ಯಜಮಾನರು ಅವರೇ ಆಗಬೇಕಿತ್ತು. ಯೂನಿಯನ್ ಚುನಾವಣೆ ಇದ್ದ ಕಾಲದಲ್ಲೂ ಖಜಾನೆ ಕೀಲಿ ಪ್ರಿನ್ಸಿಪಾಲರ ಹತ್ತಿರಾನೇ ಇತ್ತು ಅನ್ನಿ. ಆದರೂ ಓಟು ಕೇಳಿ ಗೆದ್ದ ಹುಡುಗ ಆ ಬಾಗಿಲು ತಟ್ಟಿ, 'ಸಾರ್, ಈ ಸಲ ಮ್ಯಾಗಜೀನ್ ಯಾಕೆ ಬರಲಿಲ್ಲ?' ಅಂತ ಕೇಳಬಹುದಿತ್ತು. ಕೇಳದಿದ್ರೆ ಮುಂದಿನ ಸಲ ಓಟು ಬೀಳ್ತಿರಲಿಲ್ಲ.

ಆ ವ್ಯವಸ್ಥೆ ಹೋಗಿದ್ದಕ್ಕೆ ಕಾರಣಾನೂ ಸಣ್ಣದಲ್ಲ. ಕ್ಯಾಂಪಸ್ ರಾಜಕೀಯದಲ್ಲಿ ಪಕ್ಷಗಳ ದುಡ್ಡು, ಗೂಂಡಾಗಿರಿ ಎರಡೂ ನುಗ್ಗಿದ್ದವು. 1989ರಲ್ಲಿ ಮುಂಬಯಿಯಲ್ಲಿ ಎನ್‌ಎಸ್‌ಯುಐ ಸಂಘಟನೆಯ ಓವೆನ್ ಡಿಸೋಜಾ ಕೊಲೆಯಾದರು. ಮಕ್ಕಳನ್ನ ಓದೋಕೆ ಕಳಿಸಿದ ಅಪ್ಪ ಅಮ್ಮಂದಿರಿಗೆ ಚುನಾವಣೆಯೇ ಬೇಡ ಅನ್ನಿಸಿದ್ದರೆ ತಪ್ಪೇನಿಲ್ಲ. 1990ರ ದಶಕದ ಆರಂಭದಲ್ಲಿ ಮಹಾರಾಷ್ಟ್ರ ನೇರ ಚುನಾವಣೆ ನಿಲ್ಲಿಸಿತು. ಕರ್ನಾಟಕದ ಕಾಲೇಜುಗಳಲ್ಲೂ ಹೆಚ್ಚುಕಡಿಮೆ ಅದೇ ಕಾಲಕ್ಕೆ ನಿಂತವು. ನಮ್ಮಲ್ಲಿ ಅನೇಕರು ಊರಲ್ಲಿ ಡಿಗ್ರಿ ಮುಗಿಸಿ ಇಲ್ಲಿಗೆ ಬಂದಿದ್ದೇ ಒಂದು ಸಲವೂ ಕಾಲೇಜು ಓಟು ಹಾಕದೆ.

1994ರ ಮಹಾರಾಷ್ಟ್ರ ವಿಶ್ವವಿದ್ಯಾಲಯ ಕಾಯ್ದೆ ಹೊಸ ಏರ್ಪಾಡು ತಂದಿತು. ತರಗತಿಗೊಬ್ಬರಂತೆ ಹೆಚ್ಚು ಅಂಕ ತೆಗೆದವರು ಕೌನ್ಸಿಲ್‌ಗೆ ಬರಬೇಕು. ಜೊತೆಗೆ ಎನ್‌ಎಸ್‌ಎಸ್, ಎನ್‌ಸಿಸಿ, ಕ್ರೀಡೆ, ಸಾಂಸ್ಕೃತಿಕ ವಿಭಾಗದಿಂದ ಒಬ್ಬೊಬ್ಬರು. ಇವರನ್ನ ನೇಮಿಸೋರು ಪ್ರಿನ್ಸಿಪಾಲರು, ತಮ್ಮೊಳಗೇ ಒಬ್ಬ ಕಾರ್ಯದರ್ಶಿಯನ್ನ ಆರಿಸಿಕೊಳ್ಳೋರು ಇವರು.

ಇದನ್ನ ನಮ್ಮ ಹೌಸಿಂಗ್ ಸೊಸೈಟಿಗೆ ಹೋಲಿಸಿ ನೋಡಿ. ಸೊಸೈಟಿ ಚುನಾವಣೆಯಲ್ಲಿ ಜಗಳ ಆಗುತ್ತೆ, ಅದಕ್ಕೆ ಇನ್ಮೇಲೆ ಯಾರ ಮಗು ಹತ್ತನೇ ಕ್ಲಾಸಲ್ಲಿ ಫಸ್ಟ್ ಬಂತೋ ಅವರೇ ಕಮಿಟಿ ಅಂದ್ರೆ ಒಪ್ಪುತ್ತೀವಾ? ಮೇಂಟೆನೆನ್ಸ್ ಕಟ್ತೀವಿ, ಎಜಿಎಂನಲ್ಲಿ ಎದ್ದು ನಿಂತು ಲಿಫ್ಟ್ ರಿಪೇರಿ ಬಿಲ್ ಕೇಳ್ತೀವಿ. ಕಾಲೇಜಲ್ಲಿ ಮೇಂಟೆನೆನ್ಸ್ ವಸೂಲಿ ಮುಂದುವರೀತು, ಎಜಿಎಂ ಮಾತ್ರ ನಿಂತುಹೋಯಿತು.

ಹೊರಗಿನವರಿಗೂ ಅದೇ ಕಾಲದಲ್ಲಿ ಇದೇ ತಲೆನೋವು ಬಂದಿತ್ತು. ಅದೇ 1994ರಲ್ಲಿ ಬ್ರಿಟನ್ ಶಿಕ್ಷಣ ಕಾಯ್ದೆ ತಂತು. ಅಲ್ಲೂ ಸ್ಟೂಡೆಂಟ್ ಯೂನಿಯನ್ ದುಡ್ಡು ರಾಜಕೀಯಕ್ಕೆ ಹೋಗ್ತಿದೆ ಅಂತ ದೂರು ಇತ್ತು. ಅವರು ಚುನಾವಣೆ ನಿಲ್ಲಿಸಲಿಲ್ಲ. ಮುಖ್ಯ ಹುದ್ದೆಗಳಿಗೆ ಗುಪ್ತ ಮತದಾನ ಆಗಬೇಕು, ಲೆಕ್ಕಪತ್ರ ಪ್ರಕಟ ಮಾಡಬೇಕು, ಯಾವ ಕ್ಲಬ್ಬಿಗೆ ಎಷ್ಟು ಹಣ ಅನ್ನೋದನ್ನ ತೀರ್ಮಾನಿಸೋ ಕ್ರಮ ನ್ಯಾಯವಾಗಿರಬೇಕು, ಅದು ಬರವಣಿಗೆಯಲ್ಲಿದ್ದು ಎಲ್ಲ ವಿದ್ಯಾರ್ಥಿಗಳಿಗೂ ಸಿಗಬೇಕು ಅಂದರು.

ಮರುವರ್ಷ ಅಮೆರಿಕದಲ್ಲಿ ಒಂದು ತೀರ್ಪು ಬಂತು. ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಪ್ರತಿ ವಿದ್ಯಾರ್ಥಿಯಿಂದ ಸೆಮಿಸ್ಟರ್‌ಗೆ 14 ಡಾಲರ್ ತಗೊಂಡು ಒಂದು ನಿಧಿ ಮಾಡಿದ್ದರು. 'ವೈಡ್ ಅವೇಕ್' ಅನ್ನೋ ವಿದ್ಯಾರ್ಥಿ ಪತ್ರಿಕೆ ತನ್ನ 5,862 ಡಾಲರ್ ಮುದ್ರಣದ ಖರ್ಚನ್ನ ಅದರಿಂದ ಕೊಡಿ ಅಂತು. ಅದು ಕ್ರೈಸ್ತ ದೃಷ್ಟಿಕೋನದ ಪತ್ರಿಕೆ, ಕೊಡಲ್ಲ ಅಂದರು. ಸುಪ್ರೀಂ ಕೋರ್ಟ್ 5-4ರ ಬಹುಮತದಲ್ಲಿ ಪತ್ರಿಕೆಯ ಪರ ನಿಂತಿತು. ಬೇರೆ ಪತ್ರಿಕೆಗಳಿಗೆ ಕೊಡೋ ದುಡ್ಡನ್ನ, ಇದರ ಅಭಿಪ್ರಾಯ ನೋಡಿ ತಡೆಯೋ ಹಾಗಿಲ್ಲ ಅಂತ. ತೀರ್ಪು ಎಲ್ಲರಿಗೂ ಹಿಡಿಸಲಿಲ್ಲ. ಆದರೆ ದುಡ್ಡು ಹಂಚೋಕೂ ಒಂದು ನಿಯಮ ಬೇಕು ಅನ್ನೋದು ಅಲ್ಲಿ ಗಟ್ಟಿಯಾಯಿತು.

ನಮ್ಮಲ್ಲಿ ಚರ್ಚೆ ಮತ್ತೆ ಎದ್ದಿದ್ದು 2006ರಲ್ಲಿ. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಜೆ.ಎಂ. ಲಿಂಗ್ಡೋ ಅವರ ಸಮಿತಿ ವರದಿ ಕೊಟ್ಟಿತು, ಸುಪ್ರೀಂ ಕೋರ್ಟ್ ಅದನ್ನ ಜಾರಿಗೆ ತನ್ನಿ ಅಂತು. ಅಭ್ಯರ್ಥಿಯ ಖರ್ಚಿನ ಮಿತಿ 5,000 ರೂಪಾಯಿ. ಮುದ್ರಿತ ಪೋಸ್ಟರ್ ಇಲ್ಲ. ಪಕ್ಷದ ಹಣ ಇಲ್ಲ. ಫಲಿತಾಂಶ ಬಂದ ಎರಡು ವಾರದಲ್ಲಿ ಆಡಿಟ್ ಆದ ಲೆಕ್ಕ ಕೊಡಬೇಕು. ಓಟಿನ ಖರ್ಚಿಗೆ ಇಷ್ಟು ಬಿಗಿ ನಿಯಮ ಬಂತು. ಗೆದ್ದ ಮೇಲೆ ಮ್ಯಾಗಜೀನ್ ಫೀ ಹೇಗೆ ಹಂಚಬೇಕು ಅನ್ನೋದು ಅಷ್ಟು ದೊಡ್ಡ ಪ್ರಶ್ನೆ ಆಗಲೇ ಇಲ್ಲ.

ಕ್ಯಾಂಪಸ್ ರೇಡಿಯೋ ಕಥೆಯೂ ಅಷ್ಟೇ. ಅದೇ 2006ರ ಸಮುದಾಯ ರೇಡಿಯೋ ನೀತಿಯಲ್ಲಿ ಕಾಲೇಜು, ವಿಶ್ವವಿದ್ಯಾಲಯಗಳು ಲೈಸೆನ್ಸ್ ಪಡೀಬಹುದು. ಪಕ್ಷಗಳ ವಿದ್ಯಾರ್ಥಿ ಘಟಕಗಳು ಪಡೆಯೋ ಹಾಗಿಲ್ಲ. ಅದು ಸರಿಯೇ ಇರಬಹುದು. ಆದರೆ ಚುನಾಯಿತ ಕೌನ್ಸಿಲ್ ಇಲ್ಲದ ಕ್ಯಾಂಪಸ್‌ನಲ್ಲಿ ಮೈಕು, ಹಣ ಎರಡೂ ಆಡಳಿತದ ಕೈಲೇ ಉಳಿದುಬಿಡ್ತವೆ.

2016ರ ಮಹಾರಾಷ್ಟ್ರ ಸಾರ್ವಜನಿಕ ವಿಶ್ವವಿದ್ಯಾಲಯ ಕಾಯ್ದೆ ನೇರ ಚುನಾವಣೆಗೆ ಮತ್ತೆ ದಾರಿ ಮಾಡಿತು. 2019ರಲ್ಲಿ ಚುನಾವಣೆಯ ಘೋಷಣೆಯೂ ಆಯ್ತು, ಮುಂದಕ್ಕೂ ಹೋಯ್ತು. ಆಮೇಲೆ ಕೋವಿಡ್ ಬಂತು.

ಚುನಾವಣೆ ವಾಪಸ್ ಬರಬೇಕಾ ಬೇಡವಾ ಅನ್ನೋದರಲ್ಲಿ ನಿಮ್ಮ ಅಭಿಪ್ರಾಯ ಏನೇ ಇರಲಿ, ಲೆಕ್ಕ ಕೇಳೋಕೆ ಅಲ್ಲಿವರೆಗೂ ಕಾಯಬೇಕಾಗಿಲ್ಲ. ಕಾಲೇಜಿನಲ್ಲಿ ಪೋಷಕರ ಸಭೆ ಕರೆದಾಗ ಮೂರೇ ಪ್ರಶ್ನೆ ಕೇಳಿ. ಮ್ಯಾಗಜೀನ್, ಸಾಂಸ್ಕೃತಿಕ ಬಾಬತ್ತಿನಲ್ಲಿ ಹೋದ ವರ್ಷ ಎಷ್ಟು ಬಂತು? ಯಾವುದಕ್ಕೆ ಹೋಯ್ತು? ಹಂಚುವಾಗ ಕೂತ ವಿದ್ಯಾರ್ಥಿಗಳು ಯಾರು? ಕೂಗಾಡೋದು ಬೇಡ. ಅದಕ್ಕಿಂತ ಒಳ್ಳೇದು, ಈ ಪ್ರಶ್ನೆ ನಿಮ್ಮ ಮಗ ಅಥವಾ ಮಗಳೇ ಕೇಳಲಿ. 18 ತುಂಬಿದ ಮೇಲೆ ದೇಶದ ಸರ್ಕಾರವನ್ನೇ ಆರಿಸೋರು ಅವರು. ತಾವು ಕೊಟ್ಟ ನೂರು ರೂಪಾಯಿಯ ಲೆಕ್ಕ ಕೇಳೋದರಿಂದ ಆ ಅಭ್ಯಾಸ ಶುರುವಾದ್ರೆ ಒಳ್ಳೇದೇ ಅಲ್ವಾ?