ಮಾವಿನ ತಿರುಳಿನಲ್ಲಿ ಡಿಎನ್ಎ: ಒಂದು ಶಾಲಾ ಪ್ರಯೋಗದ ಹಿಂದಿನ ಚರಿತ್ರೆ

ಹಣ್ಣನ್ನು ಕಿವುಚಿ, ಉಪ್ಪು ಮತ್ತು ಪಾತ್ರೆ ತೊಳೆಯುವ ಸೋಪಿನ ನೀರು ಬೆರೆಸಿ, ಸೋಸಿ, ಮೇಲೆ ತಣ್ಣನೆಯ ಆಲ್ಕೋಹಾಲ್ ಬಿಟ್ಟರೆ ಬಿಳಿಯ ಎಳೆಗಳು ತೇಲಿಬರುತ್ತವೆ. ಹನ್ನೆರಡನೇ ತರಗತಿಯ ಸಿಬಿಎಸ್‌ಇ ಪ್ರಾಯೋಗಿಕ ಪಟ್ಟಿಯಲ್ಲಿ ಇದಕ್ಕೆ ಪಾಲಕ್, ಹಸಿ ಬಟಾಣಿ, ಪಪಾಯಿಗಳ ಹೆಸರಿದೆ. ತಮಿಳುನಾಡಿನ ಸೇಲಂ, ಧರ್ಮಪುರಿ ಜಿಲ್ಲೆಗಳಲ್ಲಿ ಸಲೀಸಾಗಿ ಸಿಗುವ ಹಣ್ಣೆಂದರೆ ಮಾವು. 2004ರಲ್ಲಿ ಧರ್ಮಪುರಿಯಿಂದ ಬೇರೆಯಾದ ಕೃಷ್ಣಗಿರಿಯಲ್ಲಿ, ನಾವು ತೋತಾಪುರಿ ಅಥವಾ ಗಿಣಿಮೂತಿ ಎಂದು ಕರೆಯುವ ತಳಿಯ ತಿರುಳು ತೆಗೆಯುವ ಕಾರ್ಖಾನೆಗಳೇ ಇವೆ. ಈ ಹಣ್ಣನ್ನು ಪ್ರಯೋಗಕ್ಕೆ ಬಳಸಿದಾಗ ಕಡ್ಡಿಗೆ ಸುತ್ತಿಕೊಳ್ಳುವುದರಲ್ಲಿ ಡಿಎನ್ಎ ಎಷ್ಟು, ಬೇರೆಯದು ಎಷ್ಟು? ಡಿಎನ್ಎ ಬೇರ್ಪಡಿಸುವ ವಿದ್ಯೆ ಬೆಳೆದದ್ದೇ ಈ ಪ್ರಶ್ನೆಯ ಸುತ್ತ.

ಡಿಎನ್ಎಯನ್ನು ಮೊದಲು ಬೇರ್ಪಡಿಸಿದ ಫ್ರೀಡ್ರಿಷ್ ಮೀಷರ್ 1869ರಲ್ಲಿ ಟ್ಯೂಬಿಂಗೆನ್ ಕೋಟೆಯ ಹಳೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದರು. ಶಸ್ತ್ರಚಿಕಿತ್ಸಾಲಯದಿಂದ ಬಂದ ಕೀವು ಹತ್ತಿದ ಬಟ್ಟೆಪಟ್ಟಿಗಳೇ ಅವರ ಕಚ್ಚಾವಸ್ತು. ಕೆಲವು ಲವಣಗಳಲ್ಲಿ ತೊಳೆದರೆ ಬಿಳಿ ರಕ್ತಕಣಗಳು ಉಬ್ಬಿ ಗಂಜಿಯಂತೆ ಅಂಟಾಗುತ್ತಿದ್ದವು. ಅದಕ್ಕಾಗಿ ಅವರು ಸೋಡಿಯಂ ಸಲ್ಫೇಟ್ ದ್ರಾವಣವನ್ನು ಆರಿಸಿಕೊಂಡರು. ತೊಡಕೆಂದು ಅವರು ದೂರವಿಟ್ಟ ಆ ಅಂಟಿನಲ್ಲಿ ಡಿಎನ್ಎಯೇ ಇದ್ದಿರಬೇಕು. ಪ್ರೋಟೀನನ್ನು ಕರಗಿಸಲು ಅವರು ಹಂದಿಯ ಜಠರದಿಂದ ತೆಗೆದ ಪೆಪ್ಸಿನ್ ಬಳಸಿದರು. ಉಳಿದ, ರಂಜಕ ಹೆಚ್ಚಿದ್ದ ವಸ್ತುವಿಗೆ 'ನ್ಯೂಕ್ಲೀನ್' ಎಂದು ಹೆಸರಿಟ್ಟು 1871ರಲ್ಲಿ ಪ್ರಕಟಿಸಿದರು. ಇಂದು ತರಗತಿಯಲ್ಲಿ ಪಪಾಯಿ ರಸ ಹಾಕುವುದೂ ಇದೇ ಉದ್ದೇಶಕ್ಕೆ: ಅದರಲ್ಲಿರುವ ಪಪೈನ್ ಪ್ರೋಟೀನನ್ನು ಕತ್ತರಿಸುತ್ತದೆ.

ಆಲ್ಕೋಹಾಲಿನಲ್ಲಿ ಎಳೆಯನ್ನು ಕಡ್ಡಿಗೆ ಸುತ್ತುವ ದೃಶ್ಯ ರಾಕ್‌ಫೆಲರ್ ಸಂಸ್ಥೆಯ ಏವರಿ, ಮ್ಯಾಕ್ಲಿಯಾಡ್, ಮೆಕಾರ್ಟಿಯವರ ಕೆಲಸದಲ್ಲಿ ಎದ್ದು ಕಾಣುತ್ತದೆ. ಆನುವಂಶಿಕ ಗುಣವನ್ನು ಸಾಗಿಸುವುದು ಡಿಎನ್ಎ ಎಂದು ಬಲವಾಗಿ ಸೂಚಿಸಿದ ಅವರ ಪ್ರಬಂಧ ಬಂದದ್ದು 1944ರಲ್ಲಿ. ಶುದ್ಧತೆಯ ಬಗ್ಗೆಯೇ ಅವರಿಗೆ ಹೆಚ್ಚು ಆಕ್ಷೇಪ ಬಂತು. ಚೂರು ಪ್ರೋಟೀನ್ ಉಳಿದಿರಬಹುದಲ್ಲ ಎಂದು ಕೇಳಿದವರಿದ್ದರು. ಪ್ರೋಟೀನನ್ನು ಬಿಡಿಸಲು 1952ರಲ್ಲಿ ಕೇ, ಸಿಮನ್ಸ್, ಡೌನ್ಸ್ ಅವರು ಒಂದು ಮಾರ್ಜಕವನ್ನು ಬಳಕೆಗೆ ತಂದರು. 1961ರ ಮಾರ್ಮರ್ ವಿಧಾನದಲ್ಲಿ ಅದು ನೆಲೆಯೂರಿತು. ನಮ್ಮ ಬಚ್ಚಲಿನ ಶಾಂಪೂವಿನಲ್ಲಿರುವುದು ಆ ಮಾರ್ಜಕದ ಹತ್ತಿರದ ಸಂಬಂಧಿ. ಶಾಲಾ ಪ್ರಯೋಗದಲ್ಲಿ ಕೋಶಪೊರೆಯ ಕೊಬ್ಬನ್ನು ಒಡೆಯುವುದು ಮಾರ್ಜಕದ ಕೆಲಸ.

ಗಿಡದ ಕೋಶಗಳ ವಿಷಯ ಇಷ್ಟು ಸುಲಭವಲ್ಲ. ಮಾವಿನಲ್ಲಿ ಪೆಕ್ಟಿನ್ ಮತ್ತಿತರ ಬಹುಶರ್ಕರ, ಪಾಲಿಫೀನಾಲ್ ಧಾರಾಳ. ಜಾಮನ್ನು ಗಟ್ಟಿಮಾಡುವ ಪೆಕ್ಟಿನ್ ಆಲ್ಕೋಹಾಲ್ ತಾಗಿದರೆ ತಾನೂ ಬಿಳಿ ಮುದ್ದೆಯಾಗಿ ಮೇಲೇಳುತ್ತದೆ. ಪಾಲಿಫೀನಾಲ್ ಗಾಳಿಗೆ ಕಂದಾಗಿ ಡಿಎನ್ಎಗೆ ಅಂಟಿಕೊಳ್ಳುತ್ತದೆ. ಮರ್ರೆ ಮತ್ತು ಥಾಂಪ್ಸನ್ 1980ರಲ್ಲಿ ಪ್ರಕಟಿಸಿದ, 1987ರಲ್ಲಿ ಡಾಯ್ಲ್ ಮತ್ತು ಡಾಯ್ಲ್ ಸರಳಗೊಳಿಸಿದ, ಸಿಟಿಎಬಿ ಎಂಬ ಮಾರ್ಜಕ ಬಳಸುವ ವಿಧಾನ ಸಸ್ಯಶಾಸ್ತ್ರಜ್ಞರ ಕೈಪಿಡಿಗಳಲ್ಲಿ ಉಳಿದುಕೊಂಡಿರುವುದು ಇದಕ್ಕಾಗಿಯೇ. ಉಪ್ಪು ಹೆಚ್ಚಿದ್ದಾಗ ಅದು ಬಹುಶರ್ಕರವನ್ನು ಬೇರೆಮಾಡಿ ಡಿಎನ್ಎಯನ್ನು ದ್ರಾವಣದಲ್ಲೇ ಉಳಿಸುತ್ತದೆ. ಪಾಠಕ್ಕೆ ಸ್ಟ್ರಾಬೆರಿ ಜನಪ್ರಿಯವಾಗಿದ್ದಕ್ಕೆ ಅದರ ಎಂಟು ವರ್ಣತಂತು ಸಮೂಹಗಳು ಒಂದು ಕಾರಣ. ಮಾವಿನಲ್ಲಿ ಇರುವುದು ಎರಡೇ ಸಮೂಹ, ಒಟ್ಟು 40 ವರ್ಣತಂತು. ಆದ್ದರಿಂದ ಮಾವಿನಲ್ಲಿ ದೊಡ್ಡ ಮುದ್ದೆ ಕಂಡಷ್ಟೂ ಅನುಮಾನ ಹೆಚ್ಚಬೇಕು ಎಂಬುದು ನನ್ನ ಅಭಿಪ್ರಾಯ.

ಕೆನ್ನೆಯ ಒಳಪದರದ ಕೋಶಗಳಿಂದ ಡಿಎನ್ಎ ತೆಗೆಯುವ ಶಾಲಾ ಪ್ರಯೋಗಕ್ಕೂ ಹೀಗೆ ಲೆಕ್ಕ ಹಾಕಬೇಕು. ಮನುಷ್ಯನ ಒಂದು ಕೋಶದಲ್ಲಿ ಸುಮಾರು 6.6 ಪಿಕೋಗ್ರಾಂ ಡಿಎನ್ಎ ಇದೆ; ಒಂದು ಲಕ್ಷ ಕೋಶ ಸೇರಿದರೂ 0.66 ಮೈಕ್ರೋಗ್ರಾಂ ಅಷ್ಟೆ. ಉಪ್ಪುನೀರಿನಿಂದ ಚೆನ್ನಾಗಿ ಬಾಯಿ ಮುಕ್ಕಳಿಸಿ ಎನ್ನುವುದು ಇದಕ್ಕೇ. ಉಗುಳಿದ ನೀರಿನಲ್ಲಿ ಲೋಳೆಯ ಪ್ರೋಟೀನ್, ಬ್ಯಾಕ್ಟೀರಿಯಾಗಳೂ ಇರುತ್ತವೆ.

ಎಳೆಯಲ್ಲಿ ಡಿಎನ್ಎ ಇದೆಯೇ ಎಂಬ ಪರೀಕ್ಷೆಗೆ ಡಿಶೆ 1930ರಲ್ಲಿ ವಿವರಿಸಿದ ಡೈಫಿನೈಲಮೀನ್ ವಿಧಾನ ಇಂದಿಗೂ ಸಾಕು. ಆಮ್ಲದಲ್ಲಿ ಕರಗಿಸಿದ ಈ ಕಾರಕದೊಂದಿಗೆ ಕುದಿನೀರಿನಲ್ಲಿ ಬಿಸಿ ಮಾಡಿದಾಗ ಡಿಎನ್ಎಯ ಡಿಆಕ್ಸಿರೈಬೋಸ್ ನೀಲಿ ಬಣ್ಣ ಕೊಡುತ್ತದೆ. ಆಮ್ಲ ತೀಕ್ಷ್ಣವಾದ್ದರಿಂದ ಅದನ್ನು ಅಧ್ಯಾಪಕರೇ ನಿರ್ವಹಿಸಬೇಕು. ಪಕ್ಕದಲ್ಲೇ ಬರಿಯ ಪೆಕ್ಟಿನ್ ದ್ರಾವಣದ ಇನ್ನೊಂದು ಕೊಳವೆ ಇಟ್ಟು ಅದಕ್ಕೂ ಇದೇ ಉಪಚಾರ ಮಾಡಬೇಕು. ಅದರಲ್ಲಿ ಬಾರದ ನೀಲಿ ಮಾವಿನ ಎಳೆಯಲ್ಲಿ ಬಂದರೆ, ಅಲ್ಲಿ ಡಿಎನ್ಎ ಇದೆ ಎಂದು ಧರ್ಮಪುರಿಯ ವಿದ್ಯಾರ್ಥಿ ತನ್ನ ಪ್ರಯೋಗ ಪುಸ್ತಕದಲ್ಲಿ ಬರೆದುಕೊಳ್ಳಬಹುದು.